ಸಿಗರೇಟು ಬಿಟ್ಟ ಮೇಲೆ ಸಿಒಪಿಡಿ ಎಂದರೆ ಮುಂದೇನು ಮಾಡಬೇಕು?

ಬೀಡಿ, ಸಿಗರೇಟು ಬಿಟ್ಟು ವರ್ಷವೋ ಎರಡು ವರ್ಷವೋ ಕಳೆದಿರುತ್ತದೆ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಂದು ಎದೆರೋಗದ ವೈದ್ಯರ ಬಳಿ ಹೋದರೆ ‘ಸಿಒಪಿಡಿ ಇದೆ’ ಅನ್ನುತ್ತಾರೆ. ಗಾಳಿನಾಳಗಳು ಕಿರಿದಾಗಿ ಉಸಿರು ಸರಾಗವಾಗಿ ಹೊರಹೋಗದ, ಬಹುಕಾಲ ಉಳಿಯುವ ಶ್ವಾಸಕೋಶದ ರೋಗ ಇದು. ‘ಬಿಟ್ಟೇಬಿಟ್ಟಿದೀನಲ್ಲ ಡಾಕ್ಟ್ರೇ, ಈಗ್ಯಾಕೆ ಬಂತು?’ ಎಂದು ಕೇಳದವರು ಕಡಿಮೆ. ಮನೆಗೆ ಬಂದರೆ ನೆಂಟರಲ್ಲಿ ಒಬ್ಬರಾದರೂ ‘ಸೇದುತ್ತಿದ್ದಾಗ ಗಟ್ಟಿಮುಟ್ಟಾಗಿದ್ದ, ಬಿಟ್ಟು ಕೆಟ್ಟ’ ಅಂದುಬಿಡುತ್ತಾರೆ. ಈ ಮಾತು ನಂಬಿ ಮತ್ತೆ ಬೀಡಿ ಹಚ್ಚುವವರಿದ್ದಾರೆ. ಹಾಗಾಗಿ ಔಷಧಕ್ಕಿಂತ ಮೊದಲು ಇದನ್ನು ಸ್ಪಷ್ಟ ಮಾಡಿಕೊಳ್ಳಬೇಕು.

ಶ್ವಾಸಕೋಶದ ಶಕ್ತಿ ಇಪ್ಪತ್ತೈದರ ಆಸುಪಾಸಿನಲ್ಲಿ ತುಂಬಿ ಬಂದು, ಆಮೇಲೆ ಎಲ್ಲರಲ್ಲೂ ನಿಧಾನವಾಗಿ ಇಳಿಯುತ್ತದೆ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದು ಇದರ ಅಳತೆ. ವೈದ್ಯರು ಇದನ್ನು ಎಫ್‌ಇವಿ1 ಅನ್ನುತ್ತಾರೆ. ಹೊಗೆಗೆ ಬೇಗ ಬಗ್ಗುವ ಶ್ವಾಸಕೋಶದವರಲ್ಲಿ ಈ ಇಳಿತ ಹೆಚ್ಚುಕಡಿಮೆ ಇಮ್ಮಡಿ. ಸಣ್ಣ ಗಾಳಿನಾಳಗಳು ಊದಿ ಕಿರಿದಾಗುತ್ತವೆ, ಗಾಳಿಗೂಡುಗಳ ಗೋಡೆ ಹರಿಯುತ್ತದೆ. ಆದರೆ ದೇಹಕ್ಕೆ ಇರುವ ಹೆಚ್ಚುವರಿ ಶಕ್ತಿ ದೊಡ್ಡದು. ಸಾಕಷ್ಟು ಕಳೆದುಕೊಳ್ಳುವವರೆಗೂ ಅದು ಗೊತ್ತಾಗುವುದಿಲ್ಲ, ಗೊತ್ತಾದರೂ ‘ವಯಸ್ಸಾಯ್ತು’ ಎಂದು ಸುಮ್ಮನಾಗುತ್ತೇವೆ. ಅಂದರೆ ರೋಗ ಸೇದುತ್ತಿದ್ದ ಕಾಲದಲ್ಲೇ ಬೆಳೆದದ್ದು, ಕಣ್ಣಿಗೆ ಬಿದ್ದದ್ದು ಈಗ.

ಬಿಟ್ಟದ್ದರಿಂದ ಆದ ಲಾಭಕ್ಕೂ ಲೆಕ್ಕವಿದೆ. ಅಮೆರಿಕ ಮತ್ತು ಕೆನಡಾದಲ್ಲಿ 1986ರಲ್ಲಿ ಆರಂಭವಾದ ‘ಲಂಗ್ ಹೆಲ್ತ್ ಸ್ಟಡಿ’ 5,887 ಧೂಮಪಾನಿಗಳನ್ನು ಸೇರಿಸಿಕೊಂಡಿತು. ಹನ್ನೊಂದು ವರ್ಷದ ನಂತರ ನೋಡಿದಾಗ, ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ ಸರಾಸರಿ 66 ಮಿಲಿಲೀಟರ್‌ನಷ್ಟು ಎಫ್‌ಇವಿ1 ಕಳೆದುಕೊಂಡಿದ್ದರು, ಬಿಟ್ಟು ಮತ್ತೆ ಮುಟ್ಟದವರು 30. ಹೆಂಗಸರಲ್ಲಿ ಇದು 54 ಮತ್ತು 22. ಹೋದದ್ದು ಪೂರ್ತಿ ಮರಳುವುದಿಲ್ಲ, ನಿಜ. ಆದರೆ ಇಳಿತದ ವೇಗವನ್ನು ಅರ್ಧಕ್ಕಿಂತ ಕೆಳಗೆ ತಂದಿರುವ ಈ ಚಿಕಿತ್ಸೆಯನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ. ಇದಕ್ಕಿಂತ ದೊಡ್ಡ ಔಷಧ ಯಾವ ಅಂಗಡಿಯಲ್ಲೂ ಇಲ್ಲ.

ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಹೆಚ್ಚಾಗುವುದುಂಟು. ಹೊಗೆಯಿಂದ ಮಂಕಾಗಿದ್ದ ಗಾಳಿನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಇಳಿದು ಕಫವನ್ನು ಮೇಲಕ್ಕೆ ತಳ್ಳುವುದು ಇದಕ್ಕೆ ಕಾರಣ. ಕಫದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಮಾತ್ರ ಕಾಯಬೇಡಿ, ತೋರಿಸಿ.

ಮೊದಲ ಹೆಜ್ಜೆ: ವರದಿ ಕೈಗೆ ತೆಗೆದುಕೊಳ್ಳಿ

ಎಕ್ಸ್‌ರೇ ನೋಡಿ ಮಾತ್ರ ಸಿಒಪಿಡಿ ಎಂದು ಖಚಿತಪಡಿಸಲಾಗದು. ನಳಿಕೆಗೆ ಬಾಯಿಟ್ಟು ಊದಿಸುವ ಸ್ಪೈರೋಮೆಟ್ರಿ ಆಗಿದೆಯೇ ಕೇಳಿ. ಗಾಳಿನಾಳ ಹಿಗ್ಗಿಸುವ ಔಷಧ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಊದಿಸಬೇಕು. ಆಗಲೂ ಮೊದಲ ಸೆಕೆಂಡಿನ ಗಾಳಿ, ಒಟ್ಟು ಊದಿದ ಗಾಳಿಯ 0.70 ಭಾಗಕ್ಕಿಂತ ಕಡಿಮೆ ಇದ್ದರೆ ನಾಳಗಳಲ್ಲಿ ತಡೆ ಇದೆ ಎಂದು ಅರ್ಥ. ಹಿಂದೆ ಕ್ಷಯ ಬಂದು ವಾಸಿಯಾಗಿದ್ದರೆ, ಚಿಕ್ಕಂದಿನಿಂದ ಉಬ್ಬಸವಿದ್ದರೆ, ಹೃದಯದ ತೊಂದರೆಯಿದ್ದರೆ ತಪ್ಪದೆ ಹೇಳಿ. ಇವೂ ಏದುಸಿರು ತರುತ್ತವೆ, ಚಿಕಿತ್ಸೆ ಬೇರೆ.

ವರದಿಯಲ್ಲಿ ಎಫ್‌ಇವಿ1, ನಿಮ್ಮ ವಯಸ್ಸು, ಎತ್ತರದವರಲ್ಲಿ ಇರಬೇಕಾದದ್ದರ ಶೇಕಡಾ ಲೆಕ್ಕದಲ್ಲಿ ಇರುತ್ತದೆ. 80 ಮತ್ತು ಮೇಲಿದ್ದರೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, ಅದಕ್ಕೂ ಕೆಳಗೆ ಅತಿ ತೀವ್ರ. ಶೇ 50 ಎಂದು ನೋಡಿ ಆಯುಷ್ಯ ಅರ್ಧವಾಯಿತೆಂದು ಅಳುವವರಿದ್ದಾರೆ. ಅದು ಆಯುಷ್ಯದ ಅಳತೆಯಲ್ಲ. ಅದೇ 50 ಇರುವ ಇಬ್ಬರಲ್ಲಿ ಒಬ್ಬರು ತೋಟ ಸುತ್ತಿ ಬರಬಹುದು, ಇನ್ನೊಬ್ಬರಿಗೆ ಬಚ್ಚಲಿಗೆ ಹೋಗಿ ಬರುವುದೂ ಕಷ್ಟವಾಗಬಹುದು. ಈ ವ್ಯತ್ಯಾಸದ ದೊಡ್ಡ ಪಾಲು ಕಾಲಿನ ಬಲ, ಔಷಧವನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಪಂಪಿನ (ಇನ್‌ಹೇಲರ್) ಸರಿಯಾದ ಬಳಕೆ ಮತ್ತು ಧೈರ್ಯದಲ್ಲಿದೆ ಎಂದು ನಾನು ನಂಬುತ್ತೇನೆ. ಈ ಮೂರನ್ನೂ ಬೆಳೆಸಿಕೊಳ್ಳಬಹುದು.

ಪಂಪಿನ ಭಯ ಬಿಡಿ, ವಿಧಾನ ಕಲಿಯಿರಿ

ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲೋಣ. ಒಳ್ಳೆಯ ಔಷಧ ಮನೆಯಲ್ಲಿದ್ದೂ ನರಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

‘ಪಂಪು ಒಮ್ಮೆ ಹಿಡಿದರೆ ಬಿಡೋಕಾಗಲ್ಲ, ಮಾತ್ರೆ ಕೊಡಿ ಸಾಕು’ ಎನ್ನುವವರು ಈ ಲೆಕ್ಕ ನೋಡಬೇಕು. ಸಾಲ್ಬ್ಯುಟಮಾಲ್ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆ ಎಂದರೆ 4,000 ಮೈಕ್ರೋಗ್ರಾಂ, ಅಂದರೆ ನಲವತ್ತು ಒತ್ತಿನಷ್ಟು. ಮಾತ್ರೆ ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ, ಎದೆ ಡವಡವ ಅನ್ನಿಸುತ್ತದೆ. ಪಂಪು ಬೇಕಾದ ಜಾಗಕ್ಕೇ ಹೋಗುತ್ತದೆ. ಅದಕ್ಕೆ ಚಟ ಹಿಡಿಸುವ ಗುಣವೂ ಇಲ್ಲ. ದಿನವೂ ಬೇಕಾಗುವುದು ರೋಗ ದಿನವೂ ಇರುವುದರಿಂದ.

ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ. ಟಯೋಟ್ರೋಪಿಯಂ, ಗ್ಲೈಕೋಪೈರೋನಿಯಂ, ಫಾರ್ಮೋಟೆರಾಲ್ ಮುಂತಾದವು ನಾಳಗಳನ್ನು ದೀರ್ಘಕಾಲ ತೆರೆದಿಡುವಂಥವು. ಇವನ್ನು ದಮ್ಮು ಇರಲಿ ಬಿಡಲಿ, ಹೇಳಿದ ಹೊತ್ತಿಗೆ ದಿನವೂ ಎಳೆಯಬೇಕು. ಇನ್ನೊಂದು, ದಮ್ಮು ಬಂದಾಗ ಮಾತ್ರ ಬಳಸುವ ತುರ್ತು ಪಂಪು. ಯಾವುದು ಯಾವುದೆಂದು ಡಬ್ಬಿಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆದಿಡಿ. ಕೆಲವರಿಗೆ ಸ್ಟೀರಾಯ್ಡ್ ಸೇರಿದ ಪಂಪು ಕೊಡುತ್ತಾರೆ, ಎಲ್ಲರಿಗೂ ಅದು ಬೇಕಿಲ್ಲ. ನಿಮಗೆ ಯಾಕೆ ಕೊಟ್ಟಿದ್ದಾರೆಂದು ಕೇಳುವ ಹಕ್ಕು ನಿಮಗಿದೆ, ಆದರೆ ಕೇಳದೆ ನಿಲ್ಲಿಸಬೇಡಿ. ಅದನ್ನು ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ, ಗಂಟಲಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ.

ಒತ್ತುವ ಪಂಪಾದರೆ ಚೆನ್ನಾಗಿ ಅಲುಗಾಡಿಸಿ. ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಎಳೆಯಲು ಶುರು ಮಾಡಿದ ಕ್ಷಣದಲ್ಲಿ ಒತ್ತಿ. ಎಳೆಯುತ್ತಲೇ ಹೋಗಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೆಯ ಒತ್ತಿಗೆ ಅರ್ಧದಿಂದ ಒಂದು ನಿಮಿಷ ಕಾಯಿರಿ. ಒತ್ತುವುದು, ಎಳೆಯುವುದು ಹೊಂದಾಣಿಕೆಯಾಗದಿದ್ದರೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಕೇಳಿ ಪಡೆಯಿರಿ. ವಯಸ್ಸಾದವರಿಗೆ ನಾನಂತೂ ಸ್ಪೇಸರ್ ಇಲ್ಲದೆ ಪಂಪು ಕೊಡಲೇಬಾರದು ಎನ್ನುತ್ತೇನೆ.

ರೋಟಾಕ್ಯಾಪ್‌ನಂಥ ಪುಡಿ ಔಷಧದ್ದು ಇದಕ್ಕೆ ತಿರುವುಮುರುವು. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು, ಸಾಧನದೊಳಕ್ಕೆ ಊದಬಾರದು. ಎಳೆದ ಮೇಲೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ಮಾತ್ರೆಯಂತೆ ನೀರಿನಲ್ಲಿ ನುಂಗಿಬಿಡುವವರೂ ಇದ್ದಾರೆ. ಮನೆಯ ಹಿರಿಯರು ಹೇಗೆ ತೆಗೆದುಕೊಳ್ಳುತ್ತಿದ್ದಾರೆಂದು ಮಗನೋ ಸೊಸೆಯೋ ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ಪ್ರತಿ ಭೇಟಿಯಲ್ಲೂ ವೈದ್ಯರ ಮುಂದೆ ಒಮ್ಮೆ ಎಳೆದು ತೋರಿಸಿ.

ಉಸಿರು ಬಿಡುವುದನ್ನು ಅಭ್ಯಾಸ ಮಾಡಿ

ಈ ರೋಗದಲ್ಲಿ ತೊಂದರೆ ಹೆಚ್ಚು ಇರುವುದು ಗಾಳಿ ಹೊರಹೋಗುವುದರಲ್ಲಿ. ಗಾಬರಿಯಲ್ಲಿ ಬೇಗಬೇಗ ಎಳೆದಷ್ಟೂ ಹಳೆಯ ಗಾಳಿ ಒಳಗೇ ಉಳಿದು ಎದೆ ಉಬ್ಬುತ್ತದೆ, ಹೊಸ ಗಾಳಿಗೆ ಜಾಗ ಸಾಲುವುದಿಲ್ಲ. ಹಾಗಾಗಿ ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಮುಂದೆ ಮಾಡಿ ನಾಲ್ಕು ಎಣಿಸುವಷ್ಟು ನಿಧಾನವಾಗಿ ಬಿಡಿ. ತುಟಿಯ ಹತ್ತಿರದ ಆ ಸಣ್ಣ ತಡೆ ಗಾಳಿನಾಳಗಳು ಮಧ್ಯದಲ್ಲೇ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಆರಾಮಾಗಿರುವಾಗಲೇ ದಿನಕ್ಕೆ ಕೆಲವು ಸಲ ಮಾಡಿ, ಆಗ ದಮ್ಮು ಬಂದಾಗ ತಾನಾಗಿ ನೆನಪಾಗುತ್ತದೆ. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ ಕೂತರೂ ಹಗುರಾಗುತ್ತದೆ.

ಶ್ರಮದ ಕ್ಷಣದಲ್ಲಿ ಉಸಿರು ಬಿಡಿ: ಕೊಡ ಎತ್ತುವಾಗ, ಮೆಟ್ಟಿಲಿಗೆ ಕಾಲಿಡುವಾಗ, ಬಗ್ಗಿ ಚಪ್ಪಲಿ ಹಾಕುವಾಗ. ಸ್ನಾನ ಹಲವರಿಗೆ ದಿನದ ಅತಿ ಕಷ್ಟದ ಕೆಲಸ. ಸ್ಟೂಲಿನ ಮೇಲೆ ಕೂತು ಮಾಡಿ, ಬಾಗಿಲು ತುಸು ತೆರೆದು ಹಬೆ ಹೋಗಲು ಬಿಡಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ನಡಿಗೆ

ದಮ್ಮು ಬರುತ್ತದೆಂದು ಕೂತರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಹೆಚ್ಚು ಆಮ್ಲಜನಕ ಕೇಳುತ್ತದೆ, ದಮ್ಮು ಇನ್ನೂ ಬೇಗ ಬರುತ್ತದೆ. ಇದನ್ನು ಮುರಿಯಲೆಂದೇ ಪಲ್ಮನರಿ ರಿಹ್ಯಾಬಿಲಿಟೇಶನ್ ಎಂಬ ತರಬೇತಿ ಇದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ ನಡೆಸುತ್ತಾರೆ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲೋ ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಎದೆರೋಗ ವಿಭಾಗದಲ್ಲೋ ವಿಚಾರಿಸಿ. ಸಿಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತು ಮನೆಯಲ್ಲೇ ಮಾಡಿ. ಐದು ನಿಮಿಷದಿಂದ ಶುರು ಮಾಡಿ, ವಾರವಾರವೂ ಸ್ವಲ್ಪ ಹೆಚ್ಚಿಸಿ. ಸ್ವಲ್ಪ ಏದುಸಿರು ಬರಲಿ, ಆದರೆ ಒಂದು ವಾಕ್ಯ ಹೇಳಿ ಮುಗಿಸುವಂತಿರಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ತೊಡೆಗೆ ಒಳ್ಳೆಯದು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಬೆಳಗಿನ ಜಾವ ಹೊರಡಬೇಡಿ, ಬಿಸಿಲು ಬಂದ ಮೇಲೆ ಹೋಗಿ.

ಮನೆಯ ಹೊಗೆ

ಸಿಗರೇಟು ಬಿಟ್ಟ ಮನೆಯಲ್ಲಿ ಹೊಗೆ ಬೇರೆ ವೇಷದಲ್ಲಿ ಉಳಿದಿರುತ್ತದೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸೊಳ್ಳೆಪರದೆ ಕಟ್ಟಿ. ಸಾಂಬ್ರಾಣಿ, ಊದುಬತ್ತಿ ದೇವರ ಮನೆಯಲ್ಲಿ ಹಚ್ಚುವುದಾದರೆ ನೀವು ಹೊರಗೆ ಕೂತಿರಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ. ಮಲೆನಾಡಿನ ಮನೆಗಳಲ್ಲಿ ಹಂಡೆಗೆ ಉರಿ ಹಾಕುವ ಕೆಲಸ ಬೇರೆಯವರಿಗೆ ವಹಿಸಿ.

ಬೇರೆಯವರು ಎಂದರೆ ಮನೆಯ ಹೆಂಗಸರು ಎಂದಾಗದಿರಲಿ. ಒಂದು ಬೀಡಿಯನ್ನೂ ಮುಟ್ಟದೆ, ಸೌದೆ ಒಲೆಯ ಮುಂದೆ ಬದುಕು ಸವೆಸಿ ಇದೇ ರೋಗ ಹೊತ್ತ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಬಹಳ. ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಇರುವವರು 1990ರಲ್ಲಿ 2.81 ಕೋಟಿ ಇದ್ದು, 2016ಕ್ಕೆ 5.53 ಕೋಟಿಯಾದರು. ನಿಮ್ಮ ಪರೀಕ್ಷೆಗೆ ಜೊತೆಗೆ ಬಂದ ಹೆಂಡತಿಗೂ ಕೆಮ್ಮು, ಏದುಸಿರು ಇದ್ದರೆ ಅವರಿಗೂ ಸ್ಪೈರೋಮೆಟ್ರಿ ಮಾಡಿಸಿ. ನಿಮ್ಮ ರೋಗದ ಗಡಿಬಿಡಿಯಲ್ಲಿ ಅವರ ಕೆಮ್ಮು ಯಾರಿಗೂ ಕೇಳಿಸದೆ ಹೋಗಬಾರದು.

ಲಸಿಕೆ, ಊಟ

ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಬೇಕು. ನ್ಯುಮೋನಿಯಾ ತಡೆಯುವ ನ್ಯೂಮೋಕಾಕಲ್ ಲಸಿಕೆ ಯಾವುದು, ಎಷ್ಟು ಡೋಸ್ ಎಂದು ವೈದ್ಯರನ್ನು ಕೇಳಿ. ಹೊಟ್ಟೆ ಬಿರಿಯೆ ಉಂಡರೆ ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯ ಮೇಲೆ ಒತ್ತಿ ಉಸಿರು ಕಟ್ಟುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವಾಗಿ ಹೆಚ್ಚು ಸಲ ಊಟ ಮಾಡಿ. ಕಾಳು, ಮೊಟ್ಟೆ, ಮೀನು, ಹಾಲು ಇರಲಿ. ತೂಕ ಇಳಿಯುತ್ತಿದ್ದರೆ ಸುಮ್ಮನಿರಬೇಡಿ.

ಕೆಟ್ಟ ದಿನಕ್ಕೆ ಮೊದಲೇ ಸಿದ್ಧತೆ

ದಮ್ಮು ಎಂದಿಗಿಂತ ಹೆಚ್ಚಾಗುವುದು, ಕಫ ಹೆಚ್ಚುವುದು, ಅದರ ಬಣ್ಣ ಹಳದಿ ಹಸಿರಿಗೆ ತಿರುಗುವುದು, ಇವು ರೋಗ ಉಲ್ಬಣಿಸುವ ಸೂಚನೆಗಳು. ಪ್ರತಿ ಉಲ್ಬಣವೂ ಶ್ವಾಸಕೋಶದಿಂದ ಒಂದಿಷ್ಟು ಕಸಿಯಬಲ್ಲದು, ಅದಕ್ಕೇ ‘ನಾಳೆ ನೋಡೋಣ’ ಅನ್ನಬಾರದು. ಆಗ ತುರ್ತು ಪಂಪು ಎಷ್ಟು ಸಲ, ಯಾವ ಮಾತ್ರೆ ಶುರು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ವೈದ್ಯರಿಂದ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿ. ಮಾತು ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಂಪರು ಅಥವಾ ಗೊಂದಲ, ಪಂಪಿಗೆ ಜಗ್ಗದ ದಮ್ಮು ಇದ್ದರೆ 108ಕ್ಕೆ ಕರೆ ಮಾಡಿ.

ಆಮ್ಲಜನಕವನ್ನು ಸ್ವಂತ ನಿರ್ಧಾರದಲ್ಲಿ ಕೊಡಬೇಡಿ. ಸಿಒಪಿಡಿ ಇರುವ ಕೆಲವರಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದಕ್ಕೇ ಉಲ್ಬಣದ ಸಮಯದಲ್ಲಿ ವೈದ್ಯರು ಸಾಮಾನ್ಯವಾಗಿ ರಕ್ತದ ಆಮ್ಲಜನಕವನ್ನು (ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ ಶೇಕಡಾ ಅಂಕಿ) 88ರಿಂದ 92ರ ಮಟ್ಟದಲ್ಲಿ ಇಟ್ಟುಕೊಳ್ಳುತ್ತಾರೆ. ಆರಾಮಾಗಿ ಕೂತಿದ್ದಾಗಲೂ ಮಟ್ಟ 88 ಅಥವಾ ಕೆಳಗೇ ಉಳಿಯುವವರಿಗೆ ಮಾತ್ರ ದಿನಕ್ಕೆ 15 ಗಂಟೆಗೂ ಹೆಚ್ಚು ಆಮ್ಲಜನಕ ಕೊಡುವ ಚಿಕಿತ್ಸೆ ಇದೆ. ಅಂಥ ಮನೆಯಲ್ಲಿ ದೀಪ, ಒಲೆ, ಬೀಡಿ ಯಾವುದೂ ಹತ್ತಿರ ಸುಳಿಯಬಾರದು.

ಬಿಟ್ಟದ್ದನ್ನು ಕಾಯ್ದುಕೊಳ್ಳಿ

ರೋಗದ ಹೆಸರು ಕೇಳಿದ ವಾರವೇ ಮತ್ತೆ ಸೇದುವ ಆಸೆ ಜೋರಾಗುವುದು ಸಹಜ. ‘ಹೇಗೂ ಬಂತಲ್ಲ’ ಎಂಬ ಹತಾಶೆಯೇ ದೊಡ್ಡ ಶತ್ರು. 1800-11-2356 ತಂಬಾಕು ತ್ಯಜಿಸುವವರ ಉಚಿತ ರಾಷ್ಟ್ರೀಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡಬಹುದು. ನಿಕೋಟಿನ್ ಗಮ್ ಬೇಕಾದರೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಮನೆಯವರು ‘ನೀನೇ ಮಾಡಿಕೊಂಡದ್ದು’ ಎನ್ನುವುದನ್ನು ಇವತ್ತೇ ನಿಲ್ಲಿಸಬೇಕು. ತಂಬಾಕು ಹಿಡಿಸುವ ಚಟವನ್ನು ಗೆದ್ದು ಬಂದ ಮನುಷ್ಯನಿಗೆ ಸಲ್ಲಬೇಕಾದ ಮಾತು ಅದಲ್ಲ. ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆದರೆ ಅದನ್ನೂ ವೈದ್ಯರಿಗೆ ಹೇಳಿ. ಈ ರೋಗದ ಜೊತೆ ಖಿನ್ನತೆ, ಆತಂಕ ಬರುವುದು ಸಾಮಾನ್ಯ, ಚಿಕಿತ್ಸೆಯೂ ಇದೆ.

ಮುಂದಿನ ಭೇಟಿಗೆ ಹೋಗುವಾಗ ಚೀಟಿಯ ಜೊತೆ ಬಳಸುತ್ತಿರುವ ಪಂಪುಗಳನ್ನೇ ಚೀಲದಲ್ಲಿ ಹಾಕಿಕೊಳ್ಳಿ, ಹಳೆಯ ಸ್ಪೈರೋಮೆಟ್ರಿ ವರದಿಯೂ ಇರಲಿ. ಕಳೆದ ಭೇಟಿಯಿಂದ ಎಷ್ಟು ಸಲ ಉಲ್ಬಣವಾಯಿತು, ತುರ್ತು ಪಂಪು ವಾರಕ್ಕೆ ಎಷ್ಟು ಸಲ ಬೇಕಾಯಿತು, ಈಗ ಎಷ್ಟು ದೂರ ನಿಲ್ಲದೆ ನಡೆಯುತ್ತೀರಿ ಎಂದು ಮೂರು ಸಾಲು ಬರೆದುಕೊಂಡು ಹೋಗಿ. ಸ್ಪೈರೋಮೆಟ್ರಿಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿಸಲು ಕೇಳಿ, ಎರಡೂ ವರದಿಯನ್ನು ಪಕ್ಕಪಕ್ಕ ಇಟ್ಟು ವಿವರಿಸಲು ಹೇಳಿ.