ಆ ಶನಿವಾರದ ಮಧ್ಯಾಹ್ನ

ಪ್ಯಾರಿಸ್ಸಿನ ಫ್ಯಾಷನ್ ಮನೆಗಳಲ್ಲಿ ಹೊಲಿಗೆ ಮಾಡುತ್ತಿದ್ದ ಹುಡುಗಿಯರ ಬಗ್ಗೆ ನೀಳ್ಗತೆ ಬರೆಯಲು ಕುಳಿತಾಗ ನನ್ನ ಕಣ್ಣು ಮೊದಲು ಹೋದದ್ದು ರೇಷ್ಮೆ, ನಿಲುವುಗನ್ನಡಿ, ಸಿರಿವಂತ ಹೆಂಗಸರ ಕಡೆಗೆ. ಇಪ್ಪತ್ತು ಪುಟ ಬರೆದೆ. ಓದಿ ನೋಡಿದರೆ ಅಷ್ಟರಲ್ಲಿ ಒಬ್ಬಳೂ ಸೂಜಿಗೆ ದಾರ ಪೋಣಿಸಿರಲಿಲ್ಲ. ಎಲ್ಲವನ್ನೂ ತೆಗೆದುಹಾಕಿದೆ.

ಮತ್ತೆ ಆರಂಭಿಸಿದ್ದು 1917ರ ಮೇ ತಿಂಗಳಿನಿಂದ. ಮೊದಲ ಮಹಾಯುದ್ಧದ ನಡುವೆ ಜೆನ್ನಿ ಎಂಬ ಉಡುಪಿನ ಮನೆಯವರು ಶನಿವಾರ ಮಧ್ಯಾಹ್ನ ಕೆಲಸವಿಲ್ಲ, ಆ ಹೊತ್ತಿನ ಕೂಲಿಯೂ ಇಲ್ಲ ಎಂದರು. ಹುಡುಗಿಯರು ಬೀದಿಗಿಳಿದರು. ಬೇರೆ ಮನೆಗಳವರೂ ಕೂಡಿಕೊಂಡು ಸಾವಿರಾರು ಮಂದಿಯಾದರು. ಕೇಳಿದ್ದು ದಿನಕ್ಕೆ ಒಂದು ಫ್ರಾಂಕ್ ತುಟ್ಟಿಭತ್ಯೆ ಮತ್ತು ಕೂಲಿ ಸಹಿತ ಶನಿವಾರದ ಅರ್ಧ ದಿನದ ಬಿಡುವು. ಜೂನ್ 11ರಂದು ಆ ಬಿಡುವು ಕಾನೂನಾಯಿತು. ಊರಿನ ಜನ ಅವರನ್ನು ‘ಮಿದಿನೆತ್’ ಎನ್ನುತ್ತಿದ್ದರು. ನಡುಹಗಲಲ್ಲಿ ಅಷ್ಟಿಷ್ಟು ತಿಂದು ಕೆಲಸಕ್ಕೆ ಮರಳುವವಳು ಎಂದು ಅದರ ಹಿಂದಿನ ಅರ್ಥ. ಆ ಹೆಸರಿನೊಳಗಿನ ಹಸಿವು ನನ್ನನ್ನು ಬಹಳ ದಿನ ಕಾಡಿತು.

ಇತಿಹಾಸ ಕೈಗೆ ಬಂದರೂ ಕೈಕೆಲಸ ಬರಲಿಲ್ಲ. ನನ್ನ ಅಮ್ಮ ಮೂವತ್ತು ವರ್ಷ ಸೀರೆಗಳಿಗೆ ಫಾಲ್ ಹೊಲಿದವರು. ಅವರ ಪಕ್ಕ ಕುಳಿತು ತೆಳುವಾದ ರೇಷ್ಮೆಯ ತುಂಡಿಗೆ ಅಂಚು ಮಡಿಸಿ ಹೊಲಿಯತೊಡಗಿದೆ. ಹೊರಮೈಯಿಂದ ಒಂದೋ ಎರಡೋ ಎಳೆಯನ್ನಷ್ಟೇ ಸೂಜಿ ಎತ್ತಿಕೊಳ್ಳಬೇಕು, ಇಲ್ಲವಾದರೆ ಹೊಲಿಗೆ ಆಚೆ ಕಾಣುತ್ತದೆ. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಒಂದು ಗಂಟೆಯಲ್ಲಿ ಕತ್ತು ಹಿಡಿದುಕೊಂಡಿತು, ಕಿಟಕಿಯ ಬೆಳಕು ಸರಿದಂತೆ ನಾನೂ ಚಾಪೆ ಸರಿಸಿದೆ. ಪ್ಯಾರಿಸ್ಸಿನ ಚಳಿಗಾಲದಲ್ಲಿ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಇದನ್ನೇ ಇಡೀ ದಿನ ಮಾಡುವವಳ ಕಣ್ಣು ಹೇಗಿರುತ್ತದೆ ಎಂದು ಆಗ ಬರೆಯಲು ಸಾಧ್ಯವಾಯಿತು.

ಕಥಾನಾಯಕಿಯನ್ನೂ ಬದಲಿಸಿದೆ. ನುರಿತ ಕುಶಲಗಾರ್ತಿಯ ಬದಲು ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಆಯುವ ಎಳೆಯ ಹುಡುಗಿ ಬಂದಳು. ಮೇಜಿನ ಕೆಳಗಿರುವವಳಿಗೆ ಎಲ್ಲರ ಮಾತೂ ಕೇಳಿಸುತ್ತದೆ, ಎಲ್ಲರ ಸವೆದ ಬೂಟುಗಳೂ ಕಾಣಿಸುತ್ತವೆ. ಫ್ರೆಂಚ್ ಪದಗಳನ್ನು ಆದಷ್ಟು ಬಿಟ್ಟೆ. ರೇಷ್ಮೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಬಟ್ಟೆಯಲ್ಲಿ ಹೊಲಿದು ನೋಡುವ ಮಾದರಿಯನ್ನು ಅವರು ‘ತ್ವಾಲ್’ ಎನ್ನುತ್ತಾರೆ; ನಾನು ‘ಕೋರಾ ಮಾದರಿ’ ಎಂದೇ ಬರೆದೆ.

ಕೊನೆಯ ದೃಶ್ಯವೇ ಕಷ್ಟವಾಯಿತು. ಗೆದ್ದ ಮೇಲೆ ಬಂದ ಮೊದಲ ಶನಿವಾರ ಅವಳು ಮನೆಯಲ್ಲಿ ಕುಳಿತು, ಕಥೆಯುದ್ದಕ್ಕೂ ಗುಂಡಿ ಕಿತ್ತುಹೋಗಿದ್ದ ತನ್ನ ಕೋಟಿಗೆ ಗುಂಡಿ ಹಚ್ಚುತ್ತಾಳೆ ಎಂದು ಬರೆದಿದ್ದೆ. ಅದು ಬಹಳ ಚೆನ್ನಾಗಿದೆ ಎಂದೇ ನಂಬಿದ್ದೆ. ಓದಿ ಹೇಳಿದಾಗ ಅಮ್ಮ ಕನ್ನಡಕ ತೆಗೆದು, “ಬಿಡುವು ಸಿಕ್ಕ ದಿನವೂ ಸೂಜಿ ಹಿಡಿಸುತ್ತೀಯಾ ಆ ಮಗುವಿಗೆ?” ಎಂದರು.

ಅಂದೇ ರಾತ್ರಿ ಆ ಪುಟ ಹರಿದೆ. ಈಗ ಅವಳು ಸೆನ್ ನದಿಯ ದಂಡೆಯಲ್ಲಿ ನಡೆಯುತ್ತಾಳೆ. ಎರಡೂ ಕೈ ಜೇಬಿನಲ್ಲಿವೆ, ಕೋಟಿಗೆ ಇನ್ನೂ ಗುಂಡಿಯಿಲ್ಲ.