ಹಳೆಯ ಡಾಂಬರು ಬೆರೆಸಿದ ಮಿಶ್ರಣ ಬಿರುಕು ತಡೆಯುವುದೇ ಎಂದು ಪರೀಕ್ಷಿಸುವ ಬಗೆ

ದಾವಣಗೆರೆ–ಚಿತ್ರದುರ್ಗದ ನಡುವಿನ ರಾಷ್ಟ್ರೀಯ ಹೆದ್ದಾರಿ 48ರಂತಹ ಭಾರಿ ಲಾರಿಗಳ ರಸ್ತೆಗೆ ಕೆರೆದು ತೆಗೆದ ಹಳೆಯ ಡಾಂಬರನ್ನು ಮರುಬಳಸುವಾಗ, ಅದರಲ್ಲಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟಾದ ಬಿಟುಮೆನ್ ಬಿಸಿಲು, ಗಾಳಿಗೆ ಗಡುಸಾಗಿರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಆ ಬಿಟುಮೆನ್ನನ್ನು ಬೇರ್ಪಡಿಸಿ ಗಡಸುತನವನ್ನು ಅಳೆದ ಮೇಲೆಯೇ, ಮೃದುವಾದ ಹೊಸ ಬಿಟುಮೆನ್ ಸಾಕೇ, ಗಡುಸಾದ ಬಿಟುಮೆನ್ನನ್ನು ಮತ್ತೆ ಮೃದುಗೊಳಿಸುವ ಪುನಶ್ಚೇತಕವೂ ಬೇಕೇ ಎಂದು ನಿರ್ಧರಿಸಿ.

ನಂತರ 150 ಮಿ.ಮೀ. ವ್ಯಾಸ, 62 ಮಿ.ಮೀ. ದಪ್ಪದ ಮಿಶ್ರಣದ ಬಿಲ್ಲೆಗಳನ್ನು ಸುಮಾರು ಶೇ. 7ರಷ್ಟು ಗಾಳಿರಂಧ್ರ ಉಳಿಯುವಂತೆ ತಯಾರಿಸಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಮಿಷಕ್ಕೆ 50 ಮಿ.ಮೀ. ವೇಗದಲ್ಲಿ ಅದುಮಿ ಸೀಳಬೇಕು. ಇದು ಮಿಶ್ರಣ ಬಿರುಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಒಂದು ಸೂಚ್ಯಂಕದಲ್ಲಿ ತಿಳಿಸುವ ಐಡಿಯಲ್-ಸಿಟಿ (IDEAL-CT) ಪರೀಕ್ಷೆ. ಗರಿಷ್ಠ ಹೊರೆಯನ್ನಷ್ಟೇ ನೋಡಿ ದಯವಿಟ್ಟು ಒಪ್ಪಬೇಡಿ: ಗಡುಸು ಮಿಶ್ರಣವು ಹೆಚ್ಚು ಹೊರೆ ಹೊತ್ತರೂ ಒಮ್ಮೆಲೇ ಸೀಳಿಹೋಗುತ್ತದೆ, ಆದ್ದರಿಂದ ಗರಿಷ್ಠದ ನಂತರ ಹೊರೆಯ ರೇಖೆ ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂಬುದೇ ಮುಖ್ಯ. ಈ ಸೂಚ್ಯಂಕ ಕಡಿಮೆಯಾದರೆ ಹಳೆಯ ಡಾಂಬರಿನ ಪಾಲನ್ನು ತಗ್ಗಿಸಿ. ಮಿಶ್ರಣ ತೀರಾ ಮೃದುವಾದರೆ ಲಾರಿಗಳ ಭಾರಕ್ಕೆ ತಗ್ಗಾಗಬಹುದು, ಹಾಗಾಗಿ ಮೃದುಗೊಳಿಸಿದ ಮಿಶ್ರಣವನ್ನು ಚಕ್ರದ ಜಾಡು ಬೀಳುವ ಪರೀಕ್ಷೆಗೂ ಒಳಪಡಿಸಿ.