ಅಮ್ಮನ ಮಂಡಿನೋವು, ಮೈಸೂರು ಅರಮನೆ, ಒಂದು ಕೈಗನ್ನಡಿ

"ಭಾನುವಾರ ಯಾರಾದ್ರೂ ವಯಸ್ಸಾದವರನ್ನ ಅರಮನೆಗೆ ಕರ್ಕೊಂಡು ಹೋಗ್ತಾರಾ?" ಅಂತ ಭಾವ ಎಲ್ಲರ ಮುಂದೆಯೇ ಕೇಳಿದ್ದರು. ನಾನು ಕರೆದುಕೊಂಡು ಹೋಗಿ ಬಂದೆ. ತುಮಕೂರಿನಿಂದ ಹನ್ನೊಂದು ಜನ, ಅದರಲ್ಲಿ ನಾಲ್ವರು ಎಪ್ಪತ್ತು ದಾಟಿದವರು. ಒಂದೇ ದಿನದಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ (ಟಿಪ್ಪುವಿನ ಬೇಸಿಗೆ ಅರಮನೆ), ಮೈಸೂರು ಅರಮನೆ, ಭಾನುವಾರ ಸಂಜೆ ಅದಕ್ಕೆ ಹಚ್ಚೋ ದೀಪ ಮೂರೂ ಆಯ್ತು.

ಇದಕ್ಕೆ ಮುಂಚೆ ಎರಡು ಸಲ ದುಡ್ಡು ಸುರಿದು ಸೋತಿದ್ದೇನೆ. ಮೊದಲ ಸಲ ಎಲ್ಲರ ಹಾಗೆ ಬೆಳಿಗ್ಗೆ 11ಕ್ಕೆ ಅರಮನೆ. ಏಪ್ರಿಲ್ ಬಿಸಿಲು. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟರೆ ಕಾದ ಹೆಂಚು. ಅಮ್ಮ ಅರ್ಧದಲ್ಲೇ "ಸಾಕಪ್ಪ" ಅಂದರು. ದೀಪ ಸಂಜೆ 7ಕ್ಕೆ. ಅಲ್ಲಿವರೆಗೆ ಮಲಗಲಿ ಅಂತ ಎರಡು ರೂಮು ಮಾಡಿದೆ, ಮೂರು ಸಾವಿರದ ಹತ್ತಿರ ಹೋಯ್ತು. ಮಲಗಿದವರು ಏಳಲೇ ಇಲ್ಲ. ದೀಪ ನೋಡದೆ ವಾಪಸ್. ಎರಡನೇ ಸಲ ದಸರಾ. ನವರಾತ್ರಿಗೆ ಚಿನ್ನದ ಸಿಂಹಾಸನ ಜೋಡಿಸ್ತಾರಲ್ವಾ, ಅದರ ಆಸೆಗೆ. ರೂಮಿಗೆ ಮಾಮೂಲಿಗಿಂತ ಮೂರು ಪಟ್ಟು ಕೇಳಿದರು. ಗಾಡಿ ದೂರ ನಿಲ್ಲಿಸಬೇಕಾಯ್ತು, ಅಮ್ಮ ಅದರಿಂದ ಇಳಿಯಲೇ ಇಲ್ಲ. ಒಟ್ಟು ಹದಿನಾರು ಸಾವಿರ ಖರ್ಚಾಗಿರಬೇಕು.

ಈ ಸಲ ದಿನವನ್ನೇ ತಿರುಗಿಸಿದೆ. ಅರಮನೆ ಕೊನೆಗೆ. ಬೆಳಗಿನ ಜಾವ 5ಕ್ಕೆ ಟೆಂಪೋ ಟ್ರಾವೆಲರ್ ಹತ್ತಿ, ಕುಣಿಗಲ್, ಮದ್ದೂರು ಮೇಲೆ ಶ್ರೀರಂಗಪಟ್ಟಣ. 9ರ ಸುಮಾರಿಗೆ ದರಿಯಾ ದೌಲತ್ ತೋಟದಲ್ಲಿ ನಾವೇ ನಾವು. ಗೇಟಿನಿಂದ ಕಟ್ಟಡದವರೆಗೆ ನೇರ ದಾರಿ, ಹತ್ತೋದು ಇಳಿಯೋದು ಜಾಸ್ತಿ ಇಲ್ಲ. 1784ರ ತೇಗದ ಕಟ್ಟಡ, ಹೊರಗಿನಿಂದ ಹಸಿರು ಪರದೆ ಬಿಟ್ಟಿರುತ್ತಾರೆ. ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನ ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆಯ ಮೇಲಿದೆ, ಅದರ ಎದುರು ಅರ್ಧ ಗಂಟೆ ನಿಂತೆವು. ಸುತ್ತ ಟಿಪ್ಪುವಿನ ಕುದುರೆ ಸವಾರರು, ನಡುವೆ ಪಲ್ಲಕ್ಕಿಯಲ್ಲಿ ಬ್ರಿಟಿಷ್ ಪಡೆಯ ಕರ್ನಲ್ ಬೇಲಿ, ಪಕ್ಕದಲ್ಲೇ ಸಿಡಿಯುತ್ತಿರುವ ಮದ್ದಿನ ಗಾಡಿ. ಚಿಕ್ಕಪ್ಪ ಅಲ್ಲಿಂದ ಬರೋಕೇ ಒಪ್ಪಲಿಲ್ಲ.

ರೂಮಿನ ಬದಲು ಅಲ್ಲೇ ಕಾವೇರಿಯ ಸಂಗಮದ ಹತ್ತಿರ ಮರದ ನೆರಳು. ಮನೆಯಿಂದ ತಂದ ಚಿತ್ರಾನ್ನ, ಮೊಸರನ್ನ. ಎರಡು ಜಮಖಾನೆ ಹಾಸಿದೆ, ಹಿರಿಯರು 2 ಗಂಟೆವರೆಗೆ ಗಡದ್ದಾಗಿ ನಿದ್ದೆ ಮಾಡಿದರು. ಖರ್ಚು ಸೊನ್ನೆ.

ಅರಮನೆಗೆ ಮೂರೂವರೆಗೆ. ಇಲ್ಲಿ ಕಾಲುಚೀಲದ ವಿಷಯ ಹೇಳಲೇಬೇಕು. ಮನೆಯಲ್ಲೇ ಗ್ರಾನೈಟ್ ಮೇಲೆ ನಡೆಸಿ ನೋಡಿದ್ದೆ. ನೈಲಾನ್ ಜಾರುತ್ತೆ, ವಯಸ್ಸಾದವರಿಗೆ ಖಂಡಿತ ಬೇಡ. ಒರಟು ಹತ್ತಿಯದು, ಅಂಗಾಲಿಗೆ ರಬ್ಬರ್ ಚುಕ್ಕಿ ಇರೋದು ಸರಿ. ಒಂದು ಜೊತೆಗೆ ಎಂಬತ್ತೋ ತೊಂಬತ್ತೋ ರೂಪಾಯಿ ಕೊಟ್ಟ ನೆನಪು.

ಇನ್ನೊಂದು ಪ್ರಯೋಗ ಕನ್ನಡಿ. ಅರಮನೆಯೊಳಗಿನ ಕಲ್ಯಾಣ ಮಂಟಪದಲ್ಲಿ ನೋಡಬೇಕಾದ್ದೆಲ್ಲ ಚಾವಣಿಯಲ್ಲಿದೆ, ಅಮ್ಮನಿಗೆ ಕತ್ತು ಎತ್ತೋಕಾಗಲ್ಲ. ಹೊರಡುವಾಗ ಸುಮ್ನೆ ಒಂದು ಕೈಗನ್ನಡಿ ಬ್ಯಾಗಿಗೆ ಹಾಕಿಕೊಂಡಿದ್ದೆ. ಗೋಡೆ ಬದಿಗೆ ನಿಲ್ಲಿಸಿ, ಹೊಟ್ಟೆ ಮಟ್ಟಕ್ಕೆ ಅಂಗಾತ ಹಿಡಿಸಿದೆ. ಗ್ಲ್ಯಾಸ್ಗೋದಿಂದ ತರಿಸಿದ ಬಣ್ಣದ ಗಾಜು, ಅದರ ನವಿಲುಗಳು ಪೂರ್ತಿ ಕನ್ನಡಿಗೆ ಇಳಿದವು. "ಏನೋ ಇದು, ನವಿಲೆಲ್ಲ ನನ್ನ ಮಡಿಲಿಗೇ ಬಂತಲ್ಲೋ!" ಅಂದರು ಅಮ್ಮ. ಹಿಂದಿದ್ದ ಯಾರೋ ಅಜ್ಜಿ ಕನ್ನಡಿ ಕೇಳಿ ಇಸ್ಕೊಂಡರು.

ಮರದ ದರಿಯಾ ದೌಲತ್ ಮೊದಲು ನೋಡಿದ್ದರಿಂದ ಇನ್ನೊಂದು ಲಾಭ ಆಯ್ತು. ಇಲ್ಲಿ ಕಂಬ ಯಾಕೆ ಕಬ್ಬಿಣದ್ದು ಅಂತ ಮಗಳು ತಾನಾಗೇ ಕೇಳಿದಳು. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯ್ತು, ಆಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು ಇದು, ಮತ್ತೆ ಬೆಂಕಿಗೆ ಸಿಗಬಾರದು ಅಂತ ಕಲ್ಲು, ಕಬ್ಬಿಣ ಅಂದೆ. ಬೆಳಗಿನ ತೇಗ ಕಣ್ಣಲ್ಲೇ ಇತ್ತು, ತಕ್ಷಣ ಅರ್ಥ ಆಯ್ತು ಅವಳಿಗೆ.

ಐದೂವರೆಗೆ ಹೊರಗೆ ಬಂದು ಕಾಫಿ. ದೀಪಕ್ಕೆ ಎಲ್ಲಿ ಕೂತೆವು ಅನ್ನೋದನ್ನ ಮಾತ್ರ ಕೇಳಬೇಡಿ, ಆ ಜಾಗ ನಮ್ಮ ಮನೆಯವರಿಗೇ ಇರಲಿ. ಕೂರೋಕೆ ಕಟ್ಟೆ ಇದೆ, ಎದುರಿಗೆ ಮರ ಅಡ್ಡ ಬರಲ್ಲ. 7ಕ್ಕೆ ಒಂದು ಲಕ್ಷಕ್ಕೆ ಹತ್ತಿರದ ಬಲ್ಬುಗಳು ಹತ್ತಿದಾಗ ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಗಾಡಿ, ಡ್ರೈವರ್ ಭತ್ಯೆ, ಟಿಕೆಟ್, ಕಾಫಿ ಸೇರಿ ತಲೆಗೆ ಸಾವಿರದ ಇನ್ನೂರರ ಆಸುಪಾಸು ಬಿತ್ತು. ಮನೆ ಸೇರಿದಾಗ ಹನ್ನೊಂದೂವರೆ ದಾಟಿತ್ತು. ಮಾರನೇ ದಿನ ಭಾವ ಫೋನ್ ಮಾಡಿ ಡ್ರೈವರ್ ನಂಬರ್ ಇಸ್ಕೊಂಡರು, ಅವರಮ್ಮನನ್ನ ಕರ್ಕೊಂಡು ಹೋಗಬೇಕಂತೆ.